ಆಮೆಗಳು ಕುಣಿದ ಕ್ಯಾನ್‌ಕ್ಯಾನ್

ಹೋದ ಸೆಮಿಸ್ಟರ್ ಕೊನೆಯಲ್ಲಿ ಸೀನಿಯರ್‌ಗಳ ಬೀಳ್ಕೊಡುಗೆಗೆ ಒಂದು ವಿಡಿಯೋ ಮಾಡಿಕೊಡಿ ಅಂತ ನಮ್ಮ ರೂಮಿನವರ ತಲೆಗೆ ಕಟ್ಟಿದ್ರು. ಫೋಟೋಗಳಿದ್ವು, ಹಿನ್ನೆಲೆಗೆ ಹಾಡು ಬೇಕಿತ್ತು. ನಾಲ್ಕು ವರ್ಷವೂ ಅವರು ಫೆಸ್ಟ್‌ನಲ್ಲಿ ಕುಣಿದು ಕುಪ್ಪಳಿಸಿದ್ದ ಹಾಡು ಒಂದಿತ್ತು, ತಮಟೆ ಏಟಿನದ್ದು. ಅದನ್ನೇ ತಗೊಂಡು, ತಮಾಷೆಗೆ ಅಂತ ವೇಗವನ್ನು 0.7ಕ್ಕೆ ಇಳಿಸಿ, ಸ್ವಲ್ಪ ರಿವರ್ಬ್ ಹಾಕಿ ಕೂರಿಸಿದ್ವಿ. ಎಲ್ಲರೂ ನಗ್ತಾರೆ ಅಂದುಕೊಂಡಿದ್ವಿ. ಮೊದಲ ಹತ್ತು ಸೆಕೆಂಡ್ ನಕ್ಕರು ಕೂಡ. ಆಮೇಲೆ ಹಾಲ್ ಪೂರ್ತಿ ಸುಮ್ಮನಾಯ್ತು. ಮುಂದಿನ ಸಾಲಿನಲ್ಲಿ ಕೂತಿದ್ದ, ಯಾವತ್ತೂ ಯಾರಿಗೂ ಸೊಪ್ಪು ಹಾಕದ ಒಬ್ಬ ಸೀನಿಯರ್ ಕಣ್ಣು ಒರೆಸಿಕೊಳ್ತಿದ್ದದ್ದು ನಮಗೆ ಪ್ರೊಜೆಕ್ಟರ್ ಬೆಳಕಿನಲ್ಲಿ ಕಾಣಿಸ್ತು.

ಖುಷಿಯಿಂದ ಬೀಗ್ತಾ ಊಟಕ್ಕೆ ಹೋದ್ರೆ ಅಲ್ಲೊಬ್ಬ ಗೆಳೆಯ ತಣ್ಣೀರೆರಚಿದ. ಒಂದು ಸ್ಲೈಡರ್ ಎಳೆಯೋದು ಯಾವ ದೊಡ್ಡ ಕೆಲಸ, ಯಾರೋ ಕಷ್ಟಪಟ್ಟು ಮಾಡಿದ ಹಾಡನ್ನ ಎಳೆದಾಡಿ ಕೆಡಿಸಿದ್ದೀರಿ, ಅದು ಕಲಾವಿದನಿಗೆ ಮಾಡೋ ಅವಮಾನ ಅಂದ. ನಾವು ವಾದ ಮಾಡಿದ್ವಿ, ಆದ್ರೆ ನಿಜ ಹೇಳಬೇಕು ಅಂದ್ರೆ ಉತ್ತರ ಇರಲಿಲ್ಲ. ಸ್ಲೈಡರ್ ಎಳೆದದ್ದು ಹೌದು. ಒಂದು ಸ್ವರವೂ ನಮ್ಮದಲ್ಲ, ಅದೂ ಹೌದು. ಹಾಗಾದ್ರೆ ಆ ಕಣ್ಣೀರು ಎಲ್ಲಿಂದ ಬಂತು? ಈ ಪ್ರಶ್ನೆ ಹಿಡಿದು ಹುಡುಕ್ತಾ ಹೋದಾಗ ಸಿಕ್ಕಿದವರು ಕಮೀಯ್ ಸ್ಯಾಂ-ಸಾನ್ಸ್. (ಈ ಹೆಸರನ್ನ ಹೇಗೆ ಉಚ್ಚರಿಸೋದು ಅಂತ ನಾವು ಒಂದು ವಾರ ಜಗಳ ಆಡಿದ್ದೀವಿ. ಕನ್ನಡದಲ್ಲಿ ಇದಕ್ಕಿಂತ ಹತ್ತಿರ ಬರೋಕೆ ನಮ್ಮಿಂದ ಆಗಲಿಲ್ಲ.) ಫ್ರಾನ್ಸಿನ ಈ ಸಂಗೀತಗಾರ 1886ರಲ್ಲೇ, ಫೋನೂ ಇಲ್ಲದೆ ಸ್ಲೈಡರೂ ಇಲ್ಲದೆ, ತನ್ನ ಊರಿನ ಪ್ರತಿಯೊಬ್ಬರಿಗೂ ಗೊತ್ತಿದ್ದ ಒಂದು ಕುಣಿತದ ಹಾಡನ್ನ ಆಮೆ ನಡಿಗೆಗೆ ಇಳಿಸಿದ್ರು. ಆಮೇಲೆ ಬದುಕಿರೋ ತನಕ ಅದನ್ನ ಪ್ರಕಟಿಸೋಕೆ ಬಿಡಲಿಲ್ಲ.

ಅವರು ಹುಟ್ಟಿದ್ದು 1835ರ ಅಕ್ಟೋಬರ್ 9ರಂದು ಪ್ಯಾರಿಸ್‌ನಲ್ಲಿ. ತಂದೆ ಸರ್ಕಾರಿ ನೌಕರರು, ಮಗು ಹುಟ್ಟಿ ಕೆಲವೇ ತಿಂಗಳಲ್ಲಿ ಕ್ಷಯದಿಂದ ತೀರಿಕೊಂಡ್ರು. ಮಗುವಿಗೂ ರೋಗ ಅಂಟೀತು ಅಂತ ಎರಡು ವರ್ಷ ಊರ ಹೊರಗೆ ದಾದಿಯ ಹತ್ತಿರ ಬಿಟ್ಟಿದ್ರು. ವಾಪಸ್ ಬಂದ ಮೇಲೆ ಬೆಳೆಸಿದ್ದು ಅಮ್ಮ, ಜೊತೆಗೆ ಅಮ್ಮನ ಕಡೆಯ ಒಬ್ಬ ಅಜ್ಜಿ. ಪಿಯಾನೊ ಮುಂದೆ ಕೂರಿಸಿದ್ದು ಆ ಅಜ್ಜಿಯೇ. ಚಿಕ್ಕಂದಿನ ಒಂದು ನೆನಪನ್ನ ಸ್ಯಾಂ-ಸಾನ್ಸ್ ಮುದುಕರಾದ ಮೇಲೆ ಬರೆದಿಟ್ಟಿದ್ದಾರೆ. ದಿನಾ ಬೆಳಿಗ್ಗೆ ಒಲೆಯ ಮುಂದೆ ದೊಡ್ಡ ಕೆಟಲ್ ಇಡ್ತಿದ್ರಂತೆ. ಹುಡುಗ ಪುಟ್ಟ ಸ್ಟೂಲ್ ಹಾಕಿಕೊಂಡು ಅದರ ಎದುರು ಕೂತು, ನೀರು ಕುದಿಯೋ ತನಕ ಅದು ಮಾಡೋ ಒಂದೊಂದು ಸದ್ದನ್ನೂ ಕೇಳಿಸಿಕೊಳ್ತಿದ್ದನಂತೆ. ನೀರು ಕಾಯೋದು ಅಂದ್ರೆ ನಮಗೆ ತಾಳ್ಮೆ ಪರೀಕ್ಷೆ. ಹಾಸ್ಟೆಲ್‌ನಲ್ಲಿ ಮ್ಯಾಗಿಗೆ ಕೆಟಲ್ ಹಾಕಿ ಎರಡು ನಿಮಿಷ ಕಾಯೋಕಾಗದೆ ರೀಲ್ಸ್ ನೋಡ್ತೀವಿ. ಆ ಹುಡುಗನಿಗೆ ಮಾತ್ರ ಅದೇ ಕಛೇರಿ.

ಮೂರು ವರ್ಷಕ್ಕೇ ಆತ ರಚಿಸಿದ ಪುಟ್ಟ ತುಣುಕೊಂದು 1839ರ ತಾರೀಖಿನ ಸಮೇತ ಇವತ್ತಿಗೂ ಉಳಿದಿದೆ. 1846ರ ಮೇ ತಿಂಗಳಲ್ಲಿ, ಹತ್ತು ವರ್ಷದ ಹುಡುಗ, ಪ್ಯಾರಿಸ್‌ನ ಸಾಲ್ ಪ್ಲೆಯೆಲ್‌ನಲ್ಲಿ ಮೊದಲ ದೊಡ್ಡ ಕಛೇರಿ ಕೊಟ್ಟ. ಮೊಜಾರ್ಟ್ ಆಯ್ತು, ಬೀಥೋವನ್ ಆಯ್ತು. ಕೊನೆಗೆ ಬೀಥೋವನ್‌ನ 32 ಸೊನಾಟಾಗಳಲ್ಲಿ ಯಾವುದು ಬೇಕೋ ಕೇಳಿ, ಪುಸ್ತಕ ನೋಡದೆ ನುಡಿಸ್ತೀನಿ ಅಂತ ಸಭೆಗೇ ಆಫರ್ ಕೊಟ್ಟ. ವೈವಾದಲ್ಲಿ ಸಿಲಬಸ್‌ನ ಯಾವ ಯೂನಿಟ್ ಆದ್ರೂ ಕೇಳಿ ಸರ್ ಅನ್ನೋ ಹುಡುಗರಿರ್ತಾರಲ್ಲ, ಆ ಜಾತಿ.

ಮುಂದಿನ ನಲವತ್ತು ವರ್ಷ ಎಲ್ಲವೂ ಹೀಗೇ, ಓಟ. ಹದಿಮೂರಕ್ಕೆ ಪ್ಯಾರಿಸ್ ಸಂಗೀತ ಕಾಲೇಜು. 1858ರಲ್ಲಿ ಮದ್ಲೆನ್ ಚರ್ಚಿನ ಆರ್ಗನ್ ವಾದಕನ ಹುದ್ದೆ, ಅದೂ 22 ವರ್ಷಕ್ಕೆ. ಅಲ್ಲಿ ಅವರು ಮನೋಧರ್ಮದಲ್ಲಿ ನುಡಿಸಿದ್ದು ಕೇಳಿ ದೊಡ್ಡ ಪಿಯಾನೊ ವಾದಕ ಲಿಸ್ಟ್ ಅವರೇ ತಲೆದೂಗಿದ್ರು. ನಡುವೆ ನಾಲ್ಕು ವರ್ಷ ಪಾಠ ಹೇಳಿದ್ದೂ ಉಂಟು, ಫೋರೆ ಅಂತ ಆಮೇಲೆ ಹೆಸರಾದ ಸಂಗೀತಗಾರ ಇವರ ಶಿಷ್ಯ. ಎರಡನೇ ಪಿಯಾನೊ ಕಾನ್ಚೆರ್ಟೋ ಬರೆದದ್ದು ಮೂರೇ ವಾರದೊಳಗೆ. ಬರೀ ಸಂಗೀತ ಅಲ್ಲ, ಗಣಿತ, ಗಿಡಮರ, ಪುರಾತತ್ವ, ಎಲ್ಲದರಲ್ಲೂ ಕೈ. ಹಾರ್ಮೋನಿಯಂ ಮತ್ತು ಪಿಯಾನೊಗೆ ಬರೆದ ಆರು ತುಣುಕುಗಳಿಂದ ಬಂದ ದುಡ್ಡಿನಲ್ಲಿ ಈ ಮನುಷ್ಯ ಕೊಂಡದ್ದು ಒಂದು ಟೆಲಿಸ್ಕೋಪ್! ನಮ್ಮ ಕಾಲದಲ್ಲಿ ಹುಟ್ಟಿದ್ರೆ ಖಂಡಿತ ನಮ್ಮ ಜೊತೆ ಬಿ.ಇ. ಮಾಡ್ತಿದ್ರು, ಒಂದೂ ಬ್ಯಾಕ್ ಇಲ್ಲದೆ.

ಆದ್ರೆ ಪ್ಯಾರಿಸ್‌ನಲ್ಲಿ ಆಗ ಎಲ್ಲರ ಬಾಯಲ್ಲಿದ್ದದ್ದು ಇವರ ಸಂಗೀತ ಅಲ್ಲ. ಇವರು ಮದ್ಲೆನ್ ಚರ್ಚಿಗೆ ಸೇರಿದ ಅದೇ 1858ರಲ್ಲಿ ಝಾಕ್ ಆಫೆನ್‌ಬಾಕ್ ಅನ್ನೋ ಇನ್ನೊಬ್ಬ ಸಂಗೀತಗಾರನ ಆರ್ಫಿಯಸ್ ಇನ್ ದಿ ಅಂಡರ್‌ವರ್ಲ್ಡ್ ಅನ್ನೋ ಹಾಸ್ಯ ಸಂಗೀತ ನಾಟಕ ರಂಗಕ್ಕೆ ಬಂತು. ಗ್ರೀಕ್ ದೇವತೆಗಳೆಲ್ಲ ಪಾತಾಳಕ್ಕೆ ಪಾರ್ಟಿಗೆ ಹೋಗಿ, ಕೊನೆಗೆ ಮೈಮರೆತು ಗಾಲಪ್ ಅನ್ನೋ ಓಟದ ಕುಣಿತ ಕುಣೀತಾರೆ. ಆ ಕುಣಿತದ ಧಾಟಿಯೇ ಇವತ್ತು ಜಗತ್ತಿಗೆ ಕ್ಯಾನ್‌ಕ್ಯಾನ್ ಅಂತ ಗೊತ್ತಿರೋದು. ಲಂಗ ಎತ್ತಿ ಸಾಲಾಗಿ ಕಾಲೆಸೆಯೋ ಹೆಂಗಸರು, ಕಾರ್ಟೂನ್‌ಗಳಲ್ಲಿ ಬೆನ್ನಟ್ಟೋ ದೃಶ್ಯ, ಜಾಹೀರಾತು. ಹೆಸರು ಗೊತ್ತಿಲ್ಲದಿದ್ರೂ ನೀವೂ ಕೇಳೇ ಇರ್ತೀರಾ, ಕೇಳಿದ ಕೂಡಲೇ ಕಾಲು ತಾನಾಗೇ ಅಲ್ಲಾಡುತ್ತೆ. ಇನ್ನೊಂದು ತಮಾಷೆ ಏನಂದ್ರೆ, ಅದೇ ನಾಟಕದಲ್ಲಿ ಆಫೆನ್‌ಬಾಕ್ ತನಗಿಂತ ನೂರು ವರ್ಷ ಹಿಂದಿನ ಗ್ಲುಕ್ ಅನ್ನೋ ಸಂಗೀತಗಾರನ, ಹೆಂಡತಿ ಕಳಕೊಂಡ ಆರ್ಫಿಯಸ್ ಅಳೋ ಘನಗಂಭೀರ ಧಾಟಿಯೊಂದನ್ನ ಎತ್ತಿಕೊಂಡು ನಗೆಪಾಟಲು ಮಾಡಿದ್ದಾರೆ. ಅಂದ್ರೆ ಇನ್ನೊಬ್ಬರ ಹಾಡನ್ನ ಎಳೆದಾಡೋ ಕೆಲಸ ಅವರೂ ಮಾಡಿದ್ದೇ. ಅವರು ಅಳೋದನ್ನ ನಗು ಮಾಡಿದ್ರು. ನಗೋದನ್ನ ಏನೋ ಬೇರೆ ಮಾಡಿದವರು ಸ್ಯಾಂ-ಸಾನ್ಸ್. ಅಲ್ಲಿಗೆ ಬರೋ ಮುಂಚೆ ನಡುವಿನ ವರ್ಷಗಳನ್ನ ಹೇಳಬೇಕು.

1875ರಲ್ಲಿ, ತನ್ನ ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ಸ್ಯಾಂ-ಸಾನ್ಸ್ ಮದುವೆ ಆದ್ರು. ಹುಡುಗಿ ಮಾರಿ-ಲೋರ್‌ಗೆ ಹತ್ತೊಂಬತ್ತು ಇಪ್ಪತ್ತು. ಅತ್ತೆಗೆ ಈ ಮದುವೆ ಇಷ್ಟ ಇರಲಿಲ್ಲ, ಮನೆಯಲ್ಲಿ ಅತ್ತೆಯದ್ದೇ ಕಾರುಬಾರು. ಇಬ್ಬರು ಗಂಡು ಮಕ್ಕಳಾದ್ರು, ಆಂದ್ರೆ ಮತ್ತು ಝಾನ್. 1877ರಲ್ಲಿ ಆಲ್ಬರ್ಟ್ ಲಿಬೋನ್ ಅನ್ನೋ ಅಭಿಮಾನಿ ತೀರಿಕೊಂಡಾಗ, ನೀನು ಚರ್ಚಿನ ಕೆಲಸ ಬಿಟ್ಟು ಆರಾಮಾಗಿ ರಚನೆ ಮಾಡ್ಕೋ ಅಂತ ಒಂದು ಲಕ್ಷ ಫ್ರಾಂಕ್ ಬಿಟ್ಟುಹೋದ್ರು. ಅವರ ನೆನಪಿಗೆ ಸ್ಯಾಂ-ಸಾನ್ಸ್ ಒಂದು ರಿಕ್ವಿಯಮ್, ಅಂದ್ರೆ ಸತ್ತವರಿಗಾಗಿ ಹಾಡೋ ಪ್ರಾರ್ಥನೆ, ಬರೆದ್ರು. ಅದಕ್ಕೆ ತಗೊಂಡದ್ದು ಎಂಟೇ ದಿನ. 1878ರ ಮೇ 22ರಂದು ಅದರ ಮೊದಲ ಪ್ರಯೋಗ ಆಯ್ತು. ಆರು ದಿನ ಕಳೆದು, ಮೇ 28ರಂದು, ಎರಡೂವರೆ ವರ್ಷದ ಆಂದ್ರೆ ಮನೆಯ ನಾಲ್ಕನೇ ಮಹಡಿ ಕಿಟಕಿಯಿಂದ ಬಿದ್ದು ಸತ್ತುಹೋದ. ಆರು ವಾರದೊಳಗೆ ಕೈಗೂಸು ಝಾನ್ ಕೂಡ ನ್ಯುಮೋನಿಯಾದಿಂದ ಹೋಯ್ತು.

ಇದನ್ನ ಓದಿದ ದಿನ ನಾವು ಮುಂದಕ್ಕೆ ಓದಲಿಲ್ಲ. ಎಂಟು ದಿನದಲ್ಲಿ ಬರೆದ ಸಾವಿನ ಪ್ರಾರ್ಥನೆ, ಆರು ದಿನದಲ್ಲಿ ತನ್ನ ಮನೆಗೇ.

ಸ್ಯಾಂ-ಸಾನ್ಸ್ ಹೆಂಡತಿಯನ್ನೇ ದೂಷಿಸಿದ್ರು. ಮೂರು ವರ್ಷ ಹೇಗೋ ಒಟ್ಟಿಗಿದ್ರು. 1881ರಲ್ಲಿ ಇಬ್ಬರೂ ರಜೆಗೆ ಹೋಗಿದ್ದಾಗ ಒಂದು ದಿನ ಹೋಟೆಲ್‌ನಿಂದ ಹೇಳದೆ ಕೇಳದೆ ಎದ್ದು ಹೋದವರು ಮತ್ತೆ ವಾಪಸ್ ಬರಲಿಲ್ಲ. ಕಾಗದ ಬರೆದು ತಿಳಿಸಿದ್ರು, ಅಷ್ಟೇ. ಡೈವೋರ್ಸ್ ಕೂಡ ಇಲ್ಲ. ಮಾರಿ-ಲೋರ್ 1950ರ ತನಕ ಬದುಕಿದ್ರು. ಈ ವಿಷಯದಲ್ಲಿ ನಾವು ಯಾವ ಕಾರಣಕ್ಕೂ ಸ್ಯಾಂ-ಸಾನ್ಸ್ ಪರ ಇಲ್ಲ. ಅವರ ಬಗ್ಗೆ ಬರೆಯೋ ಎಷ್ಟೋ ಜನ ಇದನ್ನ ಒಂದು ಸಾಲಿನಲ್ಲಿ ದಾಟಿಬಿಡ್ತಾರೆ. ಎರಡು ಮಕ್ಕಳನ್ನ ಕಳಕೊಂಡದ್ದು ಆ ಹೆಣ್ಣುಮಗಳೂ ತಾನೇ.

ಈಗ 1886. ಐವತ್ತು ವರ್ಷ ಆಗಿದೆ, ಫ್ರಾನ್ಸ್‌ನಲ್ಲಿ ದೊಡ್ಡ ಹೆಸರು. ಜರ್ಮನಿಯಲ್ಲಿ ಕಛೇರಿ ಪ್ರವಾಸ ಹೊರಟರು. ಅದಕ್ಕೆ ಸ್ವಲ್ಪ ಮುಂಚೆ, ಜರ್ಮನ್ನರು ತಲೆ ಮೇಲೆ ಹೊತ್ತುಕೊಂಡಿದ್ದ ವಾಗ್ನರ್ ಬಗ್ಗೆ ಇವರು ಟೀಕೆ ಬರೆದಿದ್ರು. ಬರ್ಲಿನ್‌ನಲ್ಲಿ ಸಭಿಕರು ಸದ್ದು ಮಾಡಿ ಅವಮಾನ ಮಾಡಿದ್ರು, ಕೆಲವು ಊರುಗಳಲ್ಲಿ ಕಛೇರಿಗಳೇ ರದ್ದಾದವು. ಸೋತು ಆಸ್ಟ್ರಿಯಾದ ಒಂದು ಸಣ್ಣ ಹಳ್ಳಿಗೆ ಹೋಗಿ ಕೂತ್ರು. ಅವರ ತಲೆ ಮೇಲೆ ಆಗ ಒಂದು ದೊಡ್ಡ ಕೆಲಸ ಇತ್ತು, ಲಂಡನ್‌ಗೆ ಬರೆದುಕೊಡಬೇಕಿದ್ದ ಮೂರನೇ ಸಿಂಫನಿ. ಅದನ್ನ ಬದಿಗಿಟ್ಟು, ಗೆಳೆಯರನ್ನ ನಗಿಸೋಕೆ ಅಂತ ಒಂದು ಕೀಟಲೆ ಶುರು ಮಾಡಿದ್ರು. ಸಿಂಫನಿ ಮಾಡೋದು ಬಿಟ್ಟು ಇದನ್ನ ಮಾಡ್ತಿದ್ದೀನಿ, ಆದ್ರೆ ತುಂಬಾ ಮಜಾ ಇದೆ ಅನ್ನೋ ಅರ್ಥದಲ್ಲಿ ಪ್ರಕಾಶಕರಿಗೆ ಕಾಗದ ಬರೆದ್ರು. (ಅಸೈನ್‌ಮೆಂಟ್ ಡೆಡ್‌ಲೈನ್ ಹಿಂದಿನ ರಾತ್ರಿ ಈ ಲೇಖನ ಬರೀತಿರೋ ನಮಗೆ ಇದು ಚೆನ್ನಾಗಿ ಅರ್ಥ ಆಗುತ್ತೆ.)

ಆ ಕೀಟಲೆಯೇ ಕಾರ್ನಿವಲ್ ಆಫ್ ದಿ ಅನಿಮಲ್ಸ್. ಹದಿನಾಲ್ಕು ಪುಟ್ಟ ತುಣುಕುಗಳು. ಸಿಂಹ, ಕೋಳಿ, ಕಾಂಗರೂ, ಮೀನಿನ ತೊಟ್ಟಿ, ಕೋಗಿಲೆ. ಪ್ರಾಣಿಗಳ ಮಧ್ಯೆ ಪಿಯಾನೊ ವಾದಕರನ್ನೂ ಒಂದು ಪ್ರಾಣಿ ಅಂತ ಸೇರಿಸಿದ್ದಾರೆ, ಪಾಪ ಅವರು ಸರಳೆ ವರಸೆ ಸಾಧನೆ ಮಾಡ್ತಾ ಇರ್ತಾರೆ. ನಾಲ್ಕನೆಯದು ಆಮೆಗಳು.

ಒಂದು ಪಿಯಾನೊ ಮೆತ್ತಗೆ, ಒಂದೊಂದು ಏಟಿಗೆ ಮೂರು ಮೂರಾಗಿ ಸ್ವರ ಕುಟ್ಟೋಕೆ ಶುರು ಮಾಡುತ್ತೆ. ಅದರ ಕೆಳಗೆ ಪಿಟೀಲು, ವಿಯೋಲಾ, ಚೆಲ್ಲೋ, ದೊಡ್ಡ ಬೇಸ್, ಎಲ್ಲ ತಂತಿ ವಾದ್ಯಗಳೂ ಸೇರಿ ಒಂದೇ ಧಾಟಿಯನ್ನ ಎಳೀತಾವೆ. ಭಾರವಾಗಿ, ಗತ್ತಿನಿಂದ. ಮೊದಲ ಸಲ ಕೇಳಿದಾಗ ನಮಗೆ ಅದು ಯಾವ ಹಾಡು ಅಂತಲೇ ಗೊತ್ತಾಗಲಿಲ್ಲ. ಯಾವುದೋ ಹಳೇ ಪ್ರಾರ್ಥನೆ ಇರಬೇಕು ಅಂದುಕೊಂಡ್ವಿ. ಅರ್ಧ ನಿಮಿಷ ಆದ ಮೇಲೆ ನಮ್ಮಲ್ಲೊಬ್ಬ ಹಾಸಿಗೆಯಿಂದ ಎದ್ದು ಕೂತ. ಅದು ಕ್ಯಾನ್‌ಕ್ಯಾನ್!

ನಮ್ಮ ಎಂಜಿನಿಯರಿಂಗ್ ತಲೆಗೆ ಬಂದ ಮೊದಲ ಪ್ರಶ್ನೆ, ಬದಲಾದದ್ದು ಏನು? ಫೋನ್‌ನಲ್ಲಿ ವೇಗ ಇಳಿಸಿದ್ರೆ ಶ್ರುತಿಯೂ ಇಳಿಯುತ್ತೆ. ಅರ್ಧ ವೇಗ ಅಂದ್ರೆ ಒಂದು ಪೂರ್ತಿ ಸ್ಥಾಯಿ ಕೆಳಗೆ. ನಮ್ಮ ವಿಡಿಯೋದ 0.7ಕ್ಕೆ ಲಾಗರಿದಮ್ ಹಾಕಿ ನೋಡಿದ್ವಿ, ಸುಮಾರು ಆರು ಸೆಮಿಟೋನ್, ಅಂದ್ರೆ ಅರ್ಧ ಸ್ಥಾಯಿ. ಹುಡುಗಿ ಹಾಡಿದ್ದು ಹುಡುಗ ಹಾಡಿದ ಹಾಗೆ ಕೇಳಿಸುತ್ತೆ, ತಮಟೆ ಗುಡುಗಾಗುತ್ತೆ. ಹಾಗಾಗಿ ದುಃಖ ಬಂದದ್ದು ನಿಧಾನದಿಂದಲೋ ದನಿ ಕೆಳಗಿಳಿದದ್ದರಿಂದಲೋ ಹೇಳೋಕಾಗಲ್ಲ. ಸ್ಯಾಂ-ಸಾನ್ಸ್ ಕೈಯಲ್ಲಿ ಈ ಎರಡೂ ಬೇರೆ ಬೇರೆ. ಧಾಟಿಯನ್ನ ಎಷ್ಟು ನಿಧಾನ ಮಾಡಬೇಕು, ಯಾವ ವಾದ್ಯಕ್ಕೆ ಕೊಡಬೇಕು, ಎಷ್ಟು ಕೆಳಗೆ ಇಡಬೇಕು, ಎಲ್ಲ ಅವರೇ ಆರಿಸಿದ್ದು. ಇನ್ನೂ ಮುಖ್ಯವಾದದ್ದು, ಅವರು ಅದನ್ನ ದುಃಖದ ಸ್ವರಗಳಿಗೆ ಬದಲಾಯಿಸಲೇ ಇಲ್ಲ. ಕ್ಯಾನ್‌ಕ್ಯಾನ್ ಇರೋದು ಮೇಜರ್ ಸ್ಕೇಲ್‌ನಲ್ಲಿ, ನಮ್ಮ ಕಡೆ ಶಂಕರಾಭರಣದ ಸ್ವರಗಳು ಅಂತೀವಲ್ಲ, ಅದೇ. ಆಮೆಯೂ ಅದರಲ್ಲೇ ಇದೆ. ಪಾಶ್ಚಾತ್ಯ ಸಂಗೀತದಲ್ಲಿ ದುಃಖ ಅಂದ್ರೆ ಮೈನರ್ ಅಂತ ಎಲ್ಲರೂ ಗಿಳಿಪಾಠ ಒಪ್ಪಿಸ್ತಾರೆ, ಇಲ್ಲಿ ಮೈನರ್ ಇಲ್ಲ.

ನಮ್ಮಲ್ಲೊಬ್ಬ ಚಿಕ್ಕಂದಿನಲ್ಲಿ ಮೂರು ವರ್ಷ ಕರ್ನಾಟಕ ಸಂಗೀತ ಕಲಿತು ಬಿಟ್ಟವನು. ಅವನು ಹೇಳಿದ್ದು ನಮಗೆ ಸರಿ ಅನ್ನಿಸ್ತು. ಸರಳೆ ವರಸೆಯನ್ನ ಮೂರು ಕಾಲದಲ್ಲಿ ಹಾಡಿಸ್ತಾರೆ. ಎಲ್ಲರೂ ಮೂರನೇ ಕಾಲ ಕಷ್ಟ ಅಂದುಕೊಳ್ತಾರೆ, ನಿಜವಾಗಿ ಮೈ ಬೆವರೋದು ಒಂದನೇ ಕಾಲದಲ್ಲಿ, ಯಾಕಂದ್ರೆ ಅಲ್ಲಿ ಒಂದು ಸ್ವರದ ಹಿಂದೆ ಇನ್ನೊಂದು ಅಡಗಿಕೊಳ್ಳೋಕೆ ಜಾಗ ಇಲ್ಲ. ಕ್ಯಾನ್‌ಕ್ಯಾನ್‌ನಲ್ಲಿ ಒಂದು ಕಡೆ ಧಾಟಿ ಮೇಲಿನ ಷಡ್ಜಕ್ಕೆ ಜಿಗಿದು, ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಬರುತ್ತೆ. ಓಟದಲ್ಲಿ ಅದು ಪಾರ್ಕಿನ ಜಾರುಬಂಡೆ. ಒಂದೊಂದು ಸ್ವರ ಕೇಳಿಸೋದೇ ಇಲ್ಲ, ಜುಂಯ್ ಅಂತ ಇಳಿದದ್ದಷ್ಟೇ ಗೊತ್ತಾಗೋದು. ನಿಧಾನ ಮಾಡಿದಾಗ ಅದೇ ಇಳಿತ, ವಯಸ್ಸಾದವರೊಬ್ಬರು ಕಂಬಿ ಹಿಡಿದು ಮೆಟ್ಟಿಲಿಳಿದ ಹಾಗೆ. ಒಂದೊಂದು ಮೆಟ್ಟಿಲಲ್ಲೂ ನಿಂತು ಉಸಿರು ತಗೋತಾರೆ. ಸ್ವರಗಳೇನೋ ಮೊದಲೂ ಅಲ್ಲೇ ಇದ್ವು. ಆದ್ರೆ ಕಾಲು ಕುಣಿಯೋದರಲ್ಲಿ ಕಿವಿಗೆ ಅವು ಬಿದ್ದಿರಲಿಲ್ಲ.

ಮೇಲಿನ ಪಿಯಾನೊ ಇದೆಯಲ್ಲ, ಅದು ಇನ್ನೊಂದು ಚೇಷ್ಟೆ. ಅದು ಮೂರರ ಲೆಕ್ಕದಲ್ಲಿ ಕುಟ್ಟುತ್ತೆ, ಕೆಳಗಿನ ಧಾಟಿ ಎರಡರ ಲೆಕ್ಕದಲ್ಲಿ ನಡೆಯುತ್ತೆ. ಎರಡೂ ಪೂರ್ತಿ ಕೂಡಿಕೊಳ್ಳೋದೇ ಇಲ್ಲ. ಯಾವಾಗ ಕಾಲು ಎಡವುತ್ತೋ ಅನ್ನೋ ಸಣ್ಣ ಆತಂಕ ಕೊನೇ ತನಕ ಉಳಿಯುತ್ತೆ. ನಾವು ಒಂದು ಪ್ರಯೋಗ ಮಾಡಿ ನೋಡಿದ್ವಿ. ಆಮೆಗಳ ರೆಕಾರ್ಡಿಂಗ್ ಇಳಿಸಿಕೊಂಡು, ವೇಗ ಹೆಚ್ಚಿಸ್ತಾ ಹೆಚ್ಚಿಸ್ತಾ ಮತ್ತೆ ಕ್ಯಾನ್‌ಕ್ಯಾನ್ ಮಾಡೋಕೆ ಹೊರಟ್ವಿ. ಸ್ಲೈಡರ್ ಆಗಿದ್ರೆ ಹಿಂದಕ್ಕೆ ಎಳೆದ ಕೂಡಲೇ ಮೊದಲಿನ ಹಾಡು ವಾಪಸ್ ಸಿಗಬೇಕು. ಸಿಗಲಿಲ್ಲ. ಧಾಟಿ ಏನೋ ಓಡೋಕೆ ಶುರು ಮಾಡಿತು, ಆದ್ರೆ ಆ ಪಿಯಾನೊ ತಗಡಿನ ಮೇಲೆ ಮಳೆ ಬಿದ್ದ ಹಾಗೆ ಕಿರಿಕಿರಿ ಮಾಡಿ ಎಲ್ಲ ಹಾಳು ಮಾಡಿತು. ನಮ್ಮ ಗೆಳೆಯ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿ ಸಿಕ್ಕಿತು ಅನ್ನಿಸ್ತು. ನಾವು ಮಾಡಿದ್ದನ್ನ ವಾಪಸ್ ತಿರುಗಿಸಬಹುದು. ಇದನ್ನ ಆಗಲ್ಲ. ಊಟದ ಟೇಬಲ್‌ನಲ್ಲಿ ಅವನಿಗೆ ಇದನ್ನ ಹೇಳಿದ್ವಿ, ಅಂದ್ರೆ ನಿಮ್ಮದು ಕೆಲಸ ಅಲ್ಲ ಅಂತ ಒಪ್ಪಿಕೊಂಡ ಹಾಗಾಯ್ತು ಅಂದ. ಇರಲಿ.

ಇದೇ ಸಂಪುಟದ ಮುಂದಿನ ತುಣುಕು ಆನೆ. ಬರ್ಲಿಯೋಜ್ ಬರೆದಿದ್ದ, ಗಾಳಿಯಲ್ಲಿ ತೇಲೋ ಅಪ್ಸರೆಯರ ಹಗುರವಾದ ನೃತ್ಯದ ತುಣುಕೊಂದನ್ನ ಎತ್ತಿ ಎಲ್ಲಕ್ಕಿಂತ ದಪ್ಪ ದನಿಯ ಡಬಲ್ ಬೇಸ್‌ಗೆ ಕೊಟ್ಟಿದ್ದಾರೆ. ಅದೂ ಮಜಾ ಇದೆ, ಆದ್ರೆ ಅದು ಒಂದೇ ಸಲಕ್ಕೆ ಅರ್ಥ ಆಗಿ ಮುಗಿದುಹೋಗೋ ಜೋಕ್. ಆಮೆ ಹಾಗಲ್ಲ. ಮೊದಲ ಸಲ ನಗು ಬರುತ್ತೆ, ಹತ್ತನೇ ಸಲಕ್ಕೆ ಎದೆಯಲ್ಲಿ ಏನೋ ಆಗುತ್ತೆ.

ವೇಗದ ವಿಷಯದಲ್ಲಿ ಈ ಮನುಷ್ಯ ಎಷ್ಟು ಕಟ್ಟುನಿಟ್ಟು ಅನ್ನೋದಕ್ಕೆ ಅದೇ 1886ರ ಇನ್ನೊಂದು ಸಂಗತಿ ಇದೆ, ನಮಗಂತೂ ತುಂಬಾ ಇಷ್ಟವಾಗಿದ್ದು. ಆಗ ಸಂಗೀತದ ವೇಗ ಅಳೆಯೋಕೆ ಇದ್ದದ್ದು ಮೆಟ್ರೊನೋಮ್, 1815ರಲ್ಲಿ ಮೆಲ್ಜೆಲ್ ಪೇಟೆಂಟ್ ಮಾಡಿಸಿದ್ದು. ತಲೆಕೆಳಗಾದ ಲೋಲಕ, ಕಡ್ಡಿ ಮೇಲೆ ಒಂದು ಸಣ್ಣ ತೂಕ. ತೂಕವನ್ನ ಮೇಲಕ್ಕೆ ಸರಿಸಿದ್ರೆ ನಿಧಾನ, ಕೆಳಕ್ಕೆ ಸರಿಸಿದ್ರೆ ಜೋರು. ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬ್‌ನ ಕಾಂಪೌಂಡ್ ಪೆಂಡುಲಮ್ ನೆನಪಿದೆಯಲ್ಲ, ಅದರ ನೆಂಟ. ಆದ್ರೆ ಮಾರ್ಕೆಟ್‌ನಲ್ಲಿ ಸಿಗ್ತಿದ್ದ ಮೆಟ್ರೊನೋಮ್‌ಗಳು ಒಂದಕ್ಕೊಂದು ತಾಳೆ ಆಗ್ತಿರಲಿಲ್ಲ, ಒಬ್ಬರ 60 ಇನ್ನೊಬ್ಬರ 60 ಅಲ್ಲ. ಸ್ಯಾಂ-ಸಾನ್ಸ್ ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೇ ಮನವಿ ಮಾಡಿ, ಎಲ್ಲರಿಗೂ ಒಂದೇ ಆಗೋ ನಿಖರವಾದ ಮೆಟ್ರೊನೋಮ್‌ಗೆ ಮಾನದಂಡ ಬೇಕು ಅಂದ್ರು. ಇನ್ನೊಬ್ಬರ ಹಾಡನ್ನ ಆಮೆ ಬೆನ್ನ ಮೇಲೆ ಕೂರಿಸಿದವರೇ ಆ ವರ್ಷ ವೇಗ ಸ್ವಲ್ಪವೂ ತಪ್ಪಬಾರದು ಅಂತ ಹಠ ಹಿಡಿದ್ರು! ಇದರಲ್ಲಿ ವಿರೋಧ ಇದೆ ಅಂತ ಮೊದಲು ನಕ್ಕಿದ್ವಿ. ಆಮೇಲೆ ಅನ್ನಿಸ್ತು, ವೇಗ ಬದಲಾದ್ರೆ ಹಾಡೇ ಬೇರೆ ಆಗುತ್ತೆ ಅಂತ ಅವರಷ್ಟು ಚೆನ್ನಾಗಿ ಗೊತ್ತಿದ್ದವರು ಇನ್ನೇನು ಕೇಳ್ತಾರೆ?

1886ರ ಮಾರ್ಚ್ 9, ಅವರ ಹಬ್ಬದ ದಿನ, ಲೆಬೂಕ್ ಅನ್ನೋ ಚೆಲ್ಲೋ ವಾದಕ ಏರ್ಪಡಿಸಿದ್ದ ಖಾಸಗಿ ಕಛೇರಿಯಲ್ಲಿ ಗೆಳೆಯರ ಮುಂದೆ ಕಾರ್ನಿವಲ್ ಮೊದಲ ಸಲ ನುಡೀತು. ಕೆಲವು ವಾರ ಬಿಟ್ಟು ಲಿಸ್ಟ್ ಕೇಳಬೇಕು ಅಂದ್ರು ಅಂತ ಅವರಿಗಾಗಿ ಇನ್ನೊಂದು ಸಲ. ಆಮೇಲೆ ಬಾಗಿಲು ಮುಚ್ಚಿಬಿಟ್ರು. ತಾನು ಬದುಕಿರೋ ತನಕ ಇದನ್ನ ಅಚ್ಚು ಮಾಡೋ ಹಾಗಿಲ್ಲ. ಹದಿನಾಲ್ಕರಲ್ಲಿ ಒಂದಕ್ಕೆ ಮಾತ್ರ ಬಿಡುಗಡೆ, ಚೆಲ್ಲೋ ನುಡಿಸೋ ಹಂಸ. ಅದೊಂದರಲ್ಲಿ ತಮಾಷೆ ಇಲ್ಲ. ಅನ್ನಾ ಪಾವ್ಲೊವಾ ಆ ಹಂಸವನ್ನ ವೇದಿಕೆಯ ಮೇಲೆ ಸಾಯೋ ಹಂಸವಾಗಿ ಕುಣಿದು ಜಗತ್ತೆಲ್ಲ ಸುತ್ತಿದ್ರು. ಸ್ಯಾಂ-ಸಾನ್ಸ್ ಬರೆದ ಹಂಸ ಸುಮ್ನೆ ನೀರಿನ ಮೇಲೆ ತೇಲ್ತಿತ್ತು, ಸಾವು ಅದಕ್ಕೆ ಆಮೇಲೆ ಅಂಟಿಕೊಂಡದ್ದು.

ಉಳಿದದ್ದನ್ನ ಯಾಕೆ ಮುಚ್ಚಿಟ್ಟರು? ಗಂಭೀರ ಸಂಗೀತಗಾರ ಅನ್ನೋ ಹೆಸರಿಗೆ ಧಕ್ಕೆ ಬರುತ್ತೆ ಅಂತ ಭಯ ಇತ್ತು ಅಂತ ಎಲ್ಲರೂ ಹೇಳ್ತಾರೆ. ಅದು ನಿಜವೇ ಇರಬೇಕು. ಅದೇ ವರ್ಷ ಮೇ ತಿಂಗಳಲ್ಲಿ ಲಂಡನ್‌ನಲ್ಲಿ ಮೂರನೇ ಸಿಂಫನಿ ನುಡೀತು, ಆರ್ಗನ್ ಸೇರಿಸಿದ ಬೃಹತ್ ರಚನೆ. ಜುಲೈನಲ್ಲಿ ಲಿಸ್ಟ್ ತೀರಿಕೊಂಡ ಮೇಲೆ ಅದನ್ನ ಅವರ ನೆನಪಿಗೆ ಅರ್ಪಿಸಿದ್ರು. ಜನ ತನ್ನನ್ನ ನೆನಪಿಟ್ಟುಕೊಳ್ಳಬೇಕು ಅಂತ ಅವರು ಅಂದುಕೊಂಡದ್ದು ಇಂಥದ್ದಕ್ಕೆ. ಆದ್ರೆ ನಮಗೆ ಇನ್ನೊಂದು ಅನುಮಾನ ಇದೆ, ಇದು ನಮ್ಮ ಅನುಮಾನ ಅಷ್ಟೇ. ಎಂಟು ದಿನದಲ್ಲಿ ಸಾವಿನ ಪ್ರಾರ್ಥನೆ, ಮೂರು ವಾರದಲ್ಲಿ ಕಾನ್ಚೆರ್ಟೋ ಬರೆದು ಒಗೆಯೋ ಮನುಷ್ಯ, ಮಕ್ಕಳು ಸತ್ತ ಮನೆಯಿಂದ ತಿರುಗಿ ನೋಡದೆ ಹೋದ ಮನುಷ್ಯ, ಒಂದು ಕುಣಿತವನ್ನ ಹಿಡಿದು ನಿಲ್ಲಿಸಿ ಅದರೊಳಗೆ ಏನಿದೆ ಅಂತ ನೋಡಿದ್ದಾರೆ. ಗೆಳೆಯರು ನಕ್ಕಿರಬಹುದು. ನುಡಿಸೋವಾಗ ಅವರಿಗೇನು ಕೇಳಿಸ್ತೋ.

ಅದಾದ ಮೇಲೂ ಮೂವತ್ತೈದು ವರ್ಷ ಬದುಕಿದ್ರು. 1888ರ ಕೊನೆಯಲ್ಲಿ ಅಮ್ಮ ಹೋದ್ರು. ಆಮೇಲೆ ಮನೆ ಅಂತ ಒಂದು ಊರಲ್ಲಿ ನಿಲ್ಲಲಿಲ್ಲ. ಆಲ್ಜೀರಿಯಾ, ಈಜಿಪ್ಟ್, ಕ್ಯಾನರಿ ದ್ವೀಪಗಳಲ್ಲಿ ಬೇರೆ ಹೆಸರಿಟ್ಟುಕೊಂಡು ಓಡಾಟ. 1904ರಲ್ಲಿ ಗ್ರಾಮಫೋನ್‌ಗೆ ನುಡಿಸಿದ್ರು. 1908ರಲ್ಲಿ ಒಂದು ಮೂಕಿ ಸಿನಿಮಾಗೇ ಅಂತ ಸಂಗೀತ ಬರೆದುಕೊಟ್ರು, ಆಗ ಅವರಿಗೆ 72. ಹೊಸ ಯಂತ್ರಗಳ ಮೇಲೆ ಇಷ್ಟು ಆಸೆ ಇದ್ದವರಿಗೆ ಹೊಸ ಸಂಗೀತ ಕಂಡ್ರೆ ಮಾತ್ರ ಆಗ್ತಿರಲಿಲ್ಲ, ದೆಬುಸ್ಸಿಯಂಥವರನ್ನ ಕೊನೇ ತನಕ ಬೈದರು. ಒಂದು ಕಾಲದಲ್ಲಿ ಹೊಸಬರ ಪರ ಸಂಘ ಕಟ್ಟಿದವರೇ ಹಳೇ ಮುದುಕ ಅನ್ನಿಸಿಕೊಂಡ್ರು. 1921ರ ಆಗಸ್ಟ್‌ನಲ್ಲಿ ದಿಯೆಪ್ ಅನ್ನೋ ಊರಿನಲ್ಲಿ, ಸಾಲ್ ಪ್ಲೆಯೆಲ್‌ನ ಆ ಮೊದಲ ಕಛೇರಿಗೆ 75 ವರ್ಷ ಆದದ್ದಕ್ಕೆ ಮತ್ತೆ ಪಿಯಾನೊ ಮುಂದೆ ಕೂತ್ರು. ಡಿಸೆಂಬರ್ 16ರಂದು ಆಲ್ಜಿಯರ್ಸ್‌ನ ಹೋಟೆಲ್ ಒಂದರಲ್ಲಿ ತೀರಿಕೊಂಡ್ರು. ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆದದ್ದು ಅವರು ಹತ್ತೊಂಬತ್ತು ವರ್ಷ ಆರ್ಗನ್ ನುಡಿಸಿದ್ದ ಅದೇ ಮದ್ಲೆನ್ ಚರ್ಚಿನಲ್ಲಿ.

ಎರಡು ತಿಂಗಳು ಕಳೆದು, 1922ರ ಫೆಬ್ರವರಿಯಲ್ಲಿ, ಆಮೆಗಳು ಮೊದಲ ಸಲ ಸಾರ್ವಜನಿಕ ಸಭೆಗೆ ಬಂದವು. ಇವತ್ತು ಸ್ಯಾಂ-ಸಾನ್ಸ್ ಅಂದ್ರೆ ಬಹುತೇಕ ಜನರಿಗೆ ಗೊತ್ತಿರೋದು ಆ ಕಾರ್ನಿವಲ್ ಒಂದೇ.

ಅವರ ಸಮಾಧಿ ಪ್ಯಾರಿಸ್‌ನ ದಕ್ಷಿಣ ಭಾಗದ ಮೊಂಪಾರ್ನಾಸ್ ಸ್ಮಶಾನದಲ್ಲಿದೆ. ಕ್ಯಾನ್‌ಕ್ಯಾನ್ ಬರೆದ ಆಫೆನ್‌ಬಾಕ್ 1880ರಲ್ಲೇ ಹೋದವರು, ತಮ್ಮ ಧಾಟಿ ಆಮೆ ಆದದ್ದನ್ನ ಕೇಳಲಿಲ್ಲ. ಅವರಿರೋದು ಊರಿನ ಇನ್ನೊಂದು ತುದಿಯಲ್ಲಿ, ಉತ್ತರದ ಮೊಂಮಾರ್ತ್ ಸ್ಮಶಾನದಲ್ಲಿ. ಅಲ್ಲಿಂದ ಸ್ವಲ್ಪ ದೂರ ನಡೆದ್ರೆ ಮೂಲಾಂ ರೂಜ್ ಸಿಗುತ್ತೆ. ಅಲ್ಲಿ ಈಗಲೂ ರಾತ್ರಿ ಅದೇ ಕ್ಯಾನ್‌ಕ್ಯಾನ್ ಕುಣೀತಾರೆ, ಪೂರ್ತಿ ವೇಗದಲ್ಲಿ.